ಐವತ್ತು ಕೆಬಿಯೊಳಗೆ ಒಂದು ಮುಖ

ಮೊನ್ನೆ ಸಂಜೆ ಏಳು ಗಂಟೆ. ಸ್ಟುಡಿಯೊದ ಶಟರ್ ಅರ್ಧ ಇಳಿಸಿಯಾಗಿತ್ತು. ಹೊರಗೆ ಮಳೆ ಹುಯ್ಯುತ್ತಿತ್ತು. ಆ ಅರ್ಧ ಶಟರಿನಡಿ ಬಗ್ಗಿ ಒಬ್ಬಳು ಹುಡುಗಿ ಒಳಗೆ ಬಂದಳು. ಕೊಡೆ ಮಡಿಸುವಷ್ಟೂ ವ್ಯವಧಾನ ಇರಲಿಲ್ಲ ಅವಳಿಗೆ. "ಸರ್, ಇವತ್ತೇ ಲಾಸ್ಟ್ ಡೇಟು. ಫೋಟೊ ತಗಳ್ತಾ ಇಲ್ಲ" ಅಂದಳು.

ಫೋಟೊ ತೆಗೆದವನು ನಾನೇ, ಹಿಂದಿನ ವಾರ. ತಗಳ್ತಾ ಇಲ್ಲ ಅಂದದ್ದು ಅರ್ಜಿ ತುಂಬುವ ವೆಬ್‌ಸೈಟಿನ ಬಗ್ಗೆ. ಬ್ಯಾಂಕ್ ಪರೀಕ್ಷೆಯ ಅರ್ಜಿ. ಫೋಟೊ 20ರಿಂದ 50 ಕೆಬಿ ಒಳಗೆ ಇರಬೇಕು, ಸಹಿ 10ರಿಂದ 20 ಕೆಬಿ ಒಳಗೆ. ನಾನು ಅವಳ ಮೊಬೈಲಿಗೆ ಹಾಕಿಕೊಟ್ಟಿದ್ದ ಫೋಟೊ 4.8 ಎಂಬಿ, ಅಂದರೆ ಸುಮಾರು 4800 ಕೆಬಿ. ಮನೆಯಲ್ಲಿ ಕೂತು ಯಾವುದೋ ಆ್ಯಪ್ ಹಾಕಿಕೊಂಡು ಒತ್ತಿ ಒತ್ತಿ ಅದನ್ನು 11 ಕೆಬಿಗೆ ತಂದು ನಿಲ್ಲಿಸಿದ್ದಳು. ಮುಖ ಬೆಂದು ಉಬ್ಬಿದ ಕಡುಬಿನ ಹಾಗೆ ಕಾಣುತ್ತಿತ್ತು. ಅದನ್ನೂ ಬೇಡ ಅಂದಿತ್ತು ವೆಬ್‌ಸೈಟು. "ಜಾಸ್ತಿ ಆದ್ರೂ ಬೈತದೆ, ಕಮ್ಮಿ ಆದ್ರೂ ಬೈತದೆ, ನಮ್ಮ ಅಜ್ಜಿ ಥರ" ಅಂದಳು. ಅಳು ಬರುವ ಹೊತ್ತಲ್ಲೂ ತಮಾಷೆ ಮಾಡುವ ಹುಡುಗಿಯರನ್ನು ಕಂಡರೆ ನನಗೆ ಗೌರವ.

ಕಂಪ್ಯೂಟರ್ ಮತ್ತೆ ಹಚ್ಚಿದೆ. ಅವಳ ಮೂಲ ಫೋಟೊ ನನ್ನ ಹತ್ತಿರ ಇತ್ತು. ತಲೆ, ಭುಜ ಬರುವ ಹಾಗೆ ಕ್ರಾಪ್ ಮಾಡಿ, ಅರ್ಜಿಯಲ್ಲಿ ಕೇಳಿದ್ದಂತೆ 200 × 230 ಪಿಕ್ಸೆಲ್‌ಗೆ (ಪಿಕ್ಸೆಲ್ ಅಂದರೆ ಚಿತ್ರದ ಒಂದೊಂದು ಚುಕ್ಕಿ) ಇಳಿಸಿದೆ. ಕ್ವಾಲಿಟಿ 90 ಇಟ್ಟು ಸೇವ್ ಮಾಡಿದರೆ 14 ಕೆಬಿ. ಇಲ್ಲೇ ಸುಮಾರು ಜನ ಎಡವುವುದು. ಅವರು ಕೇಳಿದ ಅಳತೆಗೆ ತಂದರೆ ಕೇಳಿದ ತೂಕಕ್ಕಿಂತ ಕಮ್ಮಿ ಬರುತ್ತದೆ! ಬಿಳಿ ಬ್ಯಾಕ್‌ಗ್ರೌಂಡ್ ಬೇರೆ. ಬಿಳಿಗೆ ತೂಕವೇ ಇಲ್ಲ. ಆಮೇಲೆ ಕ್ವಾಲಿಟಿ 98ಕ್ಕೆ ಏರಿಸಿದೆ, 27 ಕೆಬಿ ಬಂತು. ಅಂದರೆ ಕಣ್ಣಿಗೆ ಏನೇನೂ ವ್ಯತ್ಯಾಸ ಕಾಣದ 13 ಕೆಬಿಯನ್ನು ಬರೀ ಆ ವೆಬ್‌ಸೈಟಿನ ಸಮಾಧಾನಕ್ಕೆ ತುಂಬಿದ ಹಾಗಾಯಿತು, ತಕ್ಕಡಿಯಲ್ಲಿ ಸಮಕ್ಕೆ ಬರಲಿ ಅಂತ ಒಂದು ಕಲ್ಲು ಹಾಕಿದಂತೆ.

ಸಹಿಯದು ಇನ್ನೊಂದು ರಾಮಾಯಣ. ಗೆರೆ ಎಳೆದ ನೋಟ್‌ಬುಕ್ ಹಾಳೆಯ ಮೇಲೆ ನೀಲಿ ಪೆನ್ನಿನಲ್ಲಿ ಸಹಿ ಮಾಡಿ, ಟ್ಯೂಬ್‌ಲೈಟ್ ಕೆಳಗೆ ತನ್ನದೇ ನೆರಳು ಬೀಳಿಸಿಕೊಂಡು ಮೊಬೈಲಲ್ಲಿ ತೆಗೆದಿದ್ದಳು. ಬಿಳಿ ಹಾಳೆ, ಕಪ್ಪು ಪೆನ್ನು ಕೊಟ್ಟು ಮತ್ತೆ ಮಾಡಿಸಿ ಸ್ಕ್ಯಾನ್ ಮಾಡಿದೆ. ಸಹಿಯ ಸುತ್ತ ಬಿಗಿಯಾಗಿ ಕ್ರಾಪ್ ಮಾಡಿ ಹಾಳೆಯನ್ನು ಪೂರ್ತಿ ಬೆಳ್ಳಗೆ ಮಾಡಿದರೆ ಕೆಲಸ ಸಲೀಸು. ಅಲ್ಲೂ ಅಷ್ಟೇ: ತೀರಾ ಪುಟ್ಟ ಅಳತೆಗೆ ಇಳಿಸಿದರೆ 10 ಕೆಬಿ ಮುಟ್ಟುವುದೇ ಇಲ್ಲ, ಪಿಕ್ಸೆಲ್ ಸ್ವಲ್ಪ ಜಾಸ್ತಿ ಇಡಬೇಕು. ಏಳೂವರೆಗೆ ಅರ್ಜಿ ಹೋಯಿತು. ಇಪ್ಪತ್ತು ರೂಪಾಯಿ ತಗೊಂಡೆ.

ಶಟರ್ ಪೂರ್ತಿ ಇಳಿಸುವಾಗ ಯೋಚನೆ ಬಂತು. ನಾನು ಈ ಕಸುಬಿಗೆ ಬಂದದ್ದು ಫೋಟೊ ದೊಡ್ಡದು ಮಾಡುವುದಕ್ಕೆ.

1994ರಲ್ಲಿ ತೀರ್ಥಹಳ್ಳಿಯಲ್ಲಿ ಸ್ಟುಡಿಯೊ ಹಾಕಿದಾಗ ಸಣ್ಣದು ಮಾಡಿಕೊಡಿ ಅಂತ ಒಬ್ಬ ಮನುಷ್ಯನೂ ಬರುತ್ತಿರಲಿಲ್ಲ. ಬರುತ್ತಿದ್ದವರೆಲ್ಲ ಎನ್‌ಲಾರ್ಜ್ ಮಾಡಿಸುವವರು. ಮದುವೆಯ ಗ್ರೂಪ್ ಫೋಟೊದ ಮೂಲೆಯಲ್ಲಿ ಅರ್ಧ ಮುಖ ತೋರಿಸಿಕೊಂಡು ನಿಂತ ಅಜ್ಜ, ಯಾವುದೋ ಕಾರ್ಡಿಗೆ ಅಂಟಿಸಿದ ಸ್ಟಾಂಪ್ ಸೈಜಿನ ಅಜ್ಜಿ; ಅವರನ್ನೆಲ್ಲ ಹನ್ನೆರಡು ಹದಿನೈದು ಇಂಚಿನ ಗ್ಲಾಸ್ ಫ್ರೇಮಿಗೆ ತರಬೇಕಿತ್ತು, ಅದೂ ವೈಕುಂಠ ಸಮಾರಾಧನೆಯ ಒಳಗೆ. ಕಲರ್ ರೀಲು ತೊಳೆಯುವುದಕ್ಕೆ ಶಿವಮೊಗ್ಗದ ಲ್ಯಾಬೇ ಗತಿ. ಕಾಕಿ ಕವರಿನಲ್ಲಿ ಹಾಕಿ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟರೆ ಮಾರನೇ ದಿನ ಸಂಜೆ ಬಸ್ಸಿಗೆ ಪ್ರಿಂಟು ಬರುತ್ತಿತ್ತು. ಬಸ್ಸು ಬರುವ ಹೊತ್ತಿಗೆ ಸ್ಟ್ಯಾಂಡಿನಲ್ಲಿ ನಾನೊಬ್ಬ, ಹೂವಿನವನೊಬ್ಬ, ಪೇಪರ್ ಏಜೆಂಟ್ ಒಬ್ಬ ಕಾಯುತ್ತಾ ನಿಂತಿರುತ್ತಿದ್ದೆವು.

ನನಗೆ ಕೆಲಸ ಕಲಿಸಿದವರು ಕೊಪ್ಪದಲ್ಲಿ ಸ್ಟುಡಿಯೊ ಇಟ್ಟಿದ್ದ ಹಿರಿಯರು. ಮಾತು ಕಮ್ಮಿ, ಎಲೆ ಅಡಿಕೆ ಜಾಸ್ತಿ. ಅವರು ಮೊದಲ ದಿನವೇ ಹೇಳಿದ್ದು, "ನೆಗೆಟಿವ್ ಮೇಲೆ ಬೆರಳು ಇಡಬ್ಯಾಡ. ಪ್ರಿಂಟ್ ಹಾಳಾದ್ರೆ ಇನ್ನೊಂದು ಹಾಕ್ಬೋದು." ಇದೊಂದನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ದಿನಕ್ಕೆ ಹತ್ತು ಜನ ಬಂದರೆ ಏಳು ಜನ ಸಣ್ಣ ಮಾಡಿಸುವವರು. ಅರ್ಜಿಗೆ, ಸ್ಕಾಲರ್‌ಶಿಪ್ಪಿಗೆ, ಪಾಸ್‌ಪೋರ್ಟಿಗೆ, ಮ್ಯಾಟ್ರಿಮನಿಗೆ. ಮಾಡುತ್ತಾ ಮಾಡುತ್ತಾ ಇದರ ಒಳಗುಟ್ಟು ನನಗೂ ಒಂದಿಷ್ಟು ತಿಳಿಯಿತು. ಪಿಯುಸಿಯಲ್ಲಿ ಗಣಿತದಲ್ಲಿ ಡುಮ್ಕಿ ಹೊಡೆದವನು ಹೇಳುತ್ತಿದ್ದೇನೆ, ಹಾಗಾಗಿ ಹೆದರಬೇಕಾಗಿಲ್ಲ.

ನಿಮ್ಮ ಮೊಬೈಲಿನದು 12 ಮೆಗಾಪಿಕ್ಸೆಲ್ ಅಂತಿಟ್ಟುಕೊಳ್ಳಿ. ಅಡ್ಡ 4000 ಚುಕ್ಕಿ, ಉದ್ದ 3000 ಚುಕ್ಕಿ, ಒಟ್ಟು 1 ಕೋಟಿ 20 ಲಕ್ಷ. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಎಷ್ಟೆಷ್ಟು ಅಂತ ಮೂರು ಬೈಟ್ ಬರೆದಿಡಬೇಕು. ಲೆಕ್ಕ ಹಾಕಿದರೆ 36 ಎಂಬಿ. ಆದರೆ ಫೈಲು ನೋಡಿದರೆ ನಾಲ್ಕೋ ಐದೋ ಎಂಬಿ ಇರುತ್ತದೆ. ಉಳಿದ ಮೂವತ್ತು ಎಂಬಿ ಎಲ್ಲಿ ಹೋಯಿತು? ನೀವು ಬಟನ್ ಒತ್ತಿದ ಮರುಗಳಿಗೆಯಲ್ಲೇ ಮೊಬೈಲು ಅದನ್ನು ಕರಗಿಸಿ ಆಗಿರುತ್ತದೆ. ಹಾಗಾಗಿ "ಮೊಬೈಲಲ್ಲಿ ಇರೋದೇ ಒರಿಜಿನಲ್" ಅನ್ನುವುದೂ ಪೂರ್ತಿ ನಿಜವಲ್ಲ. ಅದೂ ಒಂದು ಸಲ ಜರಡಿ ಹಿಡಿದದ್ದೇ.

ಜರಡಿ ಅನ್ನುವ ಮಾತನ್ನು ಬೇಕೆಂದೇ ಹೇಳಿದೆ. ಫೋಟೊ ಫೈಲು ಉಳಿಸುವ ಮಾಮೂಲಿ ರೂಪ ಜೆಪಿಜಿ; ಅದು ಮಾಡುವುದು ಹೆಚ್ಚುಕಮ್ಮಿ ಇದನ್ನೇ. ಚಿತ್ರವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಪುಟ್ಟ ಪುಟ್ಟ ಚೌಕ ಮಾಡಿಕೊಳ್ಳುತ್ತದೆ. ಒಂದೊಂದು ಚೌಕದಲ್ಲೂ ದಪ್ಪ ಸಂಗತಿ ಎಷ್ಟು, ಸಣ್ಣ ಸಂಗತಿ ಎಷ್ಟು ಅಂತ ವಿಂಗಡಿಸುತ್ತದೆ. ದಪ್ಪ ಸಂಗತಿ ಅಂದರೆ ಈ ಮೂಲೆ ಕಪ್ಪು, ಆ ಮೂಲೆ ಬಿಳುಪು ಅನ್ನುವಂಥದ್ದು. ಸಣ್ಣದು ಅಂದರೆ ಕೂದಲೆಳೆ, ಬಟ್ಟೆಯ ನೇಯ್ಗೆ, ಗದ್ದದ ಮೇಲಿನ ಎರಡು ದಿನದ ಗಡ್ಡ. ಆಮೇಲೆ ಜರಡಿ ಹಿಡಿದು ಸಣ್ಣದನ್ನು ಉದುರಿಸುತ್ತದೆ, ದಪ್ಪದ್ದನ್ನು ಇಟ್ಟುಕೊಳ್ಳುತ್ತದೆ. ಕ್ವಾಲಿಟಿ 90, 80, 50 ಅಂತ ಇರುತ್ತದಲ್ಲ, ಅದು ಜರಡಿಯ ತೂತಿನ ಲೆಕ್ಕ. ನಂಬರ್ ಇಳಿದಷ್ಟೂ ತೂತು ದೊಡ್ಡದು, ಉದುರುವುದು ಜಾಸ್ತಿ. ತೀರಾ ಇಳಿಸಿದರೆ ಆ ಚೌಕಗಳೇ ಬಚ್ಚಲುಮನೆಯ ಟೈಲ್ಸಿನ ಹಾಗೆ ಎದ್ದು ಕಾಣುತ್ತವೆ, ಅಕ್ಷರದ ಸುತ್ತ ನುಸಿ ಮುತ್ತಿದಂತೆ ಚುಕ್ಕಿ ಚುಕ್ಕಿ ಬರುತ್ತದೆ.

ಬಣ್ಣದ ವಿಷಯದಲ್ಲಂತೂ ನಮ್ಮ ಕಣ್ಣು ಮಹಾ ಸೋಮಾರಿ. ಬೆಳಕು ನೆರಳಿನ ಗೆರೆ ಒಂದು ಕೂದಲು ಆಚೀಚೆ ಆದರೂ ಗುರುತು ಹಿಡಿಯುವ ಕಣ್ಣು, ಬಣ್ಣ ಆಚೆಗೊಂದಿಷ್ಟು ಹರಡಿಕೊಂಡರೂ ಗಮನಿಸುವುದಿಲ್ಲ. ಅದಕ್ಕೇ ಬಣ್ಣದ ವಿವರವನ್ನು ಬೇರೆ ತೆಗೆದಿಟ್ಟು ಅಡ್ಡಕ್ಕೂ ಅರ್ಧ, ಉದ್ದಕ್ಕೂ ಅರ್ಧ ಮಾಡಿ ಕಾಲುಭಾಗ ಇಟ್ಟುಕೊಂಡರೂ ನಡೆಯುತ್ತದೆ. ನಮ್ಮ ಹಳೇ ಕಾಲದ ಸ್ಟುಡಿಯೊದವರು ಕಪ್ಪು ಬಿಳುಪು ಪ್ರಿಂಟಿನ ಮೇಲೆ ತೆಳ್ಳಗೆ ಬಣ್ಣ ಬಳಿದು ಕಲರ್ ಫೋಟೊ ಅಂತ ಕೊಡುತ್ತಿದ್ದರು. ಕೆನ್ನೆಯ ಕೆಂಪು ಸ್ವಲ್ಪ ಕಿವಿಗೆ ಹತ್ತಿದ್ದರೂ ಯಾರೂ ತಕರಾರು ಮಾಡುತ್ತಿರಲಿಲ್ಲ. ಅದೇ ಉಪಾಯ.

ಈ ವಿಂಗಡಣೆಯ ಗಣಿತ ಕಂಡುಹಿಡಿದವರು ಬೆಂಗಳೂರಿನವರು ಅಂತ ನನಗೆ ಗೊತ್ತಾದದ್ದು ಬಹಳ ತಡವಾಗಿ. ನಾಸಿರ್ ಅಹ್ಮದ್ ಅಂತ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಅಲ್ಲೇ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಡಿಗ್ರಿ ಮುಗಿಸಿ ಅಮೆರಿಕಕ್ಕೆ ಹೋದವರು. 1972ರಲ್ಲಿ ಈ ವಿಚಾರವನ್ನು ಬರೆದು ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಹತ್ತಿರ ಅನುದಾನ ಕೇಳಿದರೆ, ಇದು ತೀರಾ ಸರಳವಾಯಿತು ಎಂಬ ಕಾರಣಕ್ಕೆ ಕೊಡಲಿಲ್ಲವಂತೆ. ಅವರು ಬಿಡದೆ ಮಾಡಿದರು. 1974ರ ಜನವರಿಯಲ್ಲಿ ನಟರಾಜನ್ ಮತ್ತು ಕೆ.ಆರ್. ರಾವ್ ಜೊತೆ ಸೇರಿ ಪ್ರಕಟಿಸಿದ ಆ ಪ್ರಬಂಧದ ಹೆಸರು ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. 1992ರಲ್ಲಿ ಜೆಪಿಜಿ ಮಾನಕವಾಗಿ ಬಂದಾಗ ಅದರ ಹೊಟ್ಟೆಯೊಳಗೆ ಕೂತದ್ದು ಇದೇ. ಮಗನ ನಾಮಕರಣದ ಫೋಟೊವನ್ನು ದುಬೈಗೆ ಕಳಿಸುವವರು, ಕೊಳೆರೋಗ ಬಂದ ಅಡಿಕೆಯ ಫೋಟೊವನ್ನು ಕೃಷಿ ಗ್ರೂಪಿಗೆ ಹಾಕುವವರು, ಎಲ್ಲರೂ ಕೆ.ಆರ್. ಸರ್ಕಲ್ಲಿನ ಆ ಕಾಲೇಜಿನ ಹುಡುಗನ ಗಣಿತದ ಮೇಲೆ ಸವಾರಿ ಮಾಡುತ್ತಿದ್ದಾರೆ. ಕೆ.ಆರ್. ಸರ್ಕಲ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗಲೆಲ್ಲ ಆ ಕಟ್ಟಡವನ್ನು ಸುಮ್ಮನೆ ನೋಡಿದ್ದೇನೆ, ಏನೂ ಗೊತ್ತಿಲ್ಲದೆ.

ಜರಡಿಯ ವಿಷಯ ತಿಳಿದ ಮೇಲೆ ನನಗೆ ಬಹಳ ದಿನದಿಂದ ಕಾಡುತ್ತಿದ್ದ ಒಂದು ಒಗಟು ಬಿಡಿಸಿಕೊಂಡಿತು. ಒಂದೇ ಕ್ಯಾಮೆರಾ, ಒಂದೇ ಸೆಟ್ಟಿಂಗು, ಒಂದೇ ದಿನ ತೆಗೆದ ಫೋಟೊಗಳು. ಕುಂದಾದ್ರಿ ಬೆಟ್ಟದ ಮೇಲೆ ಮಂಜು ಮುಚ್ಚಿದಾಗ ತೆಗೆದದ್ದು 2.9 ಎಂಬಿ. ಇಳಿದು ಬರುವಾಗ ಒಂದು ಅಡಿಕೆ ತೋಟದಲ್ಲಿ ತೆಗೆದದ್ದು 9.6 ಎಂಬಿ. ಮಂಜಿನಲ್ಲಿ ಉದುರಿಸುವುದಕ್ಕೆ ಏನೂ ಇಲ್ಲ, ಹೇಳುವುದಕ್ಕೂ ಏನೂ ಇಲ್ಲ. ತೋಟದಲ್ಲಿ ಹಾಳೆ, ಸೋಗೆ, ಮೆಣಸಿನ ಬಳ್ಳಿ, ಅದರ ಮೇಲಿನ ನೀರ ಹನಿ, ಕೆಳಗೆ ದರಗು. ಒಂದು ಚೌಕದ ಹಾಗೆ ಇನ್ನೊಂದು ಚೌಕ ಇಲ್ಲ. ಹಾಗಾಗಿ ಮಲೆನಾಡಿನ ಫೋಟೊ ಸ್ವಭಾವತಃ ಭಾರ. ಬಯಲುಸೀಮೆಯ ಆಕಾಶ ಹಗುರ. ರಾತ್ರಿ ಛತ್ರದಲ್ಲಿ ಬೆಳಕು ಸಾಲದೆ ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ತೋರುವ ಚುರುಕು, ಏರಿಸಿ ತೆಗೆದರೆ ಮರಳು ಚೆಲ್ಲಿದಂತೆ ಗ್ರೈನ್ಸ್ ಬರುತ್ತದಲ್ಲ, ಅದನ್ನೂ ಪಾಪ ಜೆಪಿಜಿ ಏನೋ ವಿವರ ಅಂದುಕೊಂಡು ಕಾಪಾಡಿಡುತ್ತದೆ. ಫೋಟೊ ಕೆಟ್ಟದು, ಫೈಲು ದೊಡ್ಡದು. ಇಂಥದ್ದನ್ನು ಸಣ್ಣ ಮಾಡುವ ಮೊದಲು ಆ ಮರಳನ್ನು, ಅಂದರೆ ನಾಯ್ಸನ್ನು, ಸ್ವಲ್ಪ ತೆಗೆದರೆ ತೂಕ ತಾನಾಗಿ ಇಳಿಯುತ್ತದೆ.

ತೂಕ ಇಳಿಸುವುದಕ್ಕೆ ಇರುವ ದಾರಿ ಮುಖ್ಯವಾಗಿ ಎರಡೇ, ಚುಕ್ಕಿ ಕಮ್ಮಿ ಮಾಡುವುದು ಮತ್ತು ಜರಡಿಯ ತೂತು ದೊಡ್ಡದು ಮಾಡುವುದು. ನಾನು ಯಾವಾಗಲೂ ಮೊದಲು ಚುಕ್ಕಿಗೆ ಕೈ ಹಾಕುತ್ತೇನೆ. ಕಂಪ್ಯೂಟರಿನ ಪೇಂಟ್ ಸಾಫ್ಟ್‌ವೇರಿನಲ್ಲಿ ರೀಸೈಜ್ ಒತ್ತಿ ಶೇ. 50 ಕೊಟ್ಟರೆ ಅಡ್ಡವೂ ಅರ್ಧ, ಉದ್ದವೂ ಅರ್ಧ, ಒಟ್ಟು ಚುಕ್ಕಿ ಕಾಲುಭಾಗ. ಎಷ್ಟೋ ಸಲ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಉದ್ದ 1600 ಪಿಕ್ಸೆಲ್ಲಿಗೆ ತಂದು ಕ್ವಾಲಿಟಿ 80 ಇಟ್ಟರೆ 4.8 ಎಂಬಿಯದು ನಾಲ್ಕು ನೂರು ಕೆಬಿ ಆಸುಪಾಸಿಗೆ ಬರುತ್ತದೆ, ಮೊಬೈಲಲ್ಲಿ ನೋಡುವವರಿಗೆ ಏನೇನೂ ಗೊತ್ತಾಗುವುದಿಲ್ಲ. ಅದು ಬಿಟ್ಟು 4000 ಚುಕ್ಕಿ ಹಾಗೇ ಇಟ್ಟುಕೊಂಡು ಕ್ವಾಲಿಟಿಯನ್ನು 15ಕ್ಕೆ ಇಳಿಸಿದರೆ ದೊಡ್ಡ ಮನೆಗೆ ಹರಕು ಪರದೆ ಹಾಕಿದ ಹಾಗಾಗುತ್ತದೆ.

ಇನ್ನು ಡಿಪಿಐ. ಈ ಮೂರಕ್ಷರದಿಂದ ನಾನು ಅನುಭವಿಸಿದ ಕಷ್ಟ ಅಷ್ಟಿಷ್ಟಲ್ಲ. "ಡಿಪಿಐ 300 ಇದೆ, 72 ಮಾಡಿ, ಸೈಜ್ ಕಮ್ಮಿ ಆಗ್ತದೆ" ಅಂತ ಓದಿಕೊಂಡವರೇ ಬಂದು ಹೇಳುತ್ತಾರೆ. ಆಗುವುದಿಲ್ಲ ಮಾರಾಯ್ರೆ. ಚುಕ್ಕಿ ಅಷ್ಟೇ ಇದ್ದರೆ ಡಿಪಿಐ ಬರೀ ಒಂದು ಚೀಟಿ, ಪ್ರಿಂಟ್ ಹಾಕುವಾಗ ಇಂಚಿಗೆ ಎಷ್ಟು ಚುಕ್ಕಿ ಕೂರಿಸಬೇಕು ಅಂತ. ಚೀಟಿಯಲ್ಲಿ 72 ಅಂತ ಬರೆದರೂ 300 ಅಂತ ಬರೆದರೂ ಮೂಟೆಯ ತೂಕ ಅಷ್ಟೇ. ಹಾಗೆಯೇ ಫೈಲಿನ ಹೆಸರಿನ ಕೊನೆಯಲ್ಲಿ ಪಿಎನ್‌ಜಿ ಅಂತ ಇದ್ದದ್ದನ್ನು ಅಳಿಸಿ ಜೆಪಿಜಿ ಅಂತ ಬರೆದರೆ ಅದು ಜೆಪಿಜಿ ಆಗುವುದಿಲ್ಲ. ಹೆಸರು ಬದಲಿಸಿಕೊಂಡ ಮಾತ್ರಕ್ಕೆ ಸಾಲ ತೀರುತ್ತದೆಯೇ?

ಪಿಎನ್‌ಜಿ ಬಗ್ಗೆ ಒಂದು ಮಾತು. ಅದು ಫೋಟೊ ಉಳಿಸುವ ಇನ್ನೊಂದು ರೂಪ, ಏನನ್ನೂ ಉದುರಿಸುವುದಿಲ್ಲ, ಇದ್ದದ್ದನ್ನೆಲ್ಲ ಅಚ್ಚುಕಟ್ಟಾಗಿ ಮಡಿಸಿಡುತ್ತದೆ, ಅಷ್ಟೇ. ಅಂಗಡಿ ಬೋರ್ಡು, ಲೋಗೊ, ಮೊಬೈಲ್ ಸ್ಕ್ರೀನ್‌ಶಾಟ್ ಇಂಥವಕ್ಕೆ ಅದೇ ಸರಿ. ತೋಟದ ಫೋಟೊವನ್ನು ಪಿಎನ್‌ಜಿ ಮಾಡಿದರೆ ಮಾತ್ರ ಜೆಪಿಜಿಯ ನಾಲ್ಕೈದು ಪಟ್ಟು ಆಗಿ ಕೂರುತ್ತದೆ. ಐಫೋನಿನವರದು ಬೇರೆ ಗೋಳು. 2017ರಲ್ಲಿ ಬಂದ ಐಒಎಸ್ 11ರಿಂದ ಅದು ಹೈಕ್ ಅನ್ನುವ ರೂಪದಲ್ಲಿ ಫೋಟೊ ಇಡುತ್ತದೆ. ಜೆಪಿಜಿಗಿಂತ ಹಗುರ, ಒಳ್ಳೆಯದೇ. ಆದರೆ ಅರ್ಜಿಯ ವೆಬ್‌ಸೈಟುಗಳಿಗೆ ಅದರ ಗುರುತು ಪರಿಚಯ ಇರುವುದಿಲ್ಲ. ಬೆಂಗಳೂರಿನಿಂದ ರಜೆಗೆ ಬಂದ ಹುಡುಗರು ಲಕ್ಷ ರೂಪಾಯಿಯ ಫೋನ್ ಹಿಡಿದುಕೊಂಡು ಫೋಟೊ ಓಪನ್ನೇ ಆಗಲ್ಲ ಅಂತ ನನ್ನ ಹಳೇ ಕಂಪ್ಯೂಟರಿನ ಮುಂದೆ ನಿಲ್ಲುವಾಗ, ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಖುಷಿಯಾಗುತ್ತದೆ.

ಈಗ ಆ ನೆಗೆಟಿವ್ ಮಾತಿಗೆ ಬರುತ್ತೇನೆ.

2009ರಲ್ಲಿ ಮೊದಲ ಡಿಎಸ್‌ಎಲ್‌ಆರ್ ತಗೊಂಡೆ. 12 ಮೆಗಾಪಿಕ್ಸೆಲ್, ಫೋಟೊದ ಉದ್ದ 4288 ಚುಕ್ಕಿ. ಕೈಗೆ ಬಂದ ಹೊಸತರಲ್ಲಿ ಕಂಡಕಂಡದ್ದನ್ನೆಲ್ಲ ತೆಗೆದೆ. ಎಳ್ಳಮಾವಾಸ್ಯೆ ಜಾತ್ರೆ, ತುಂಗೆಯ ತೆಪ್ಪೋತ್ಸವ, ಅಮ್ಮ ಕಳಲೆ ಹೆಚ್ಚುವುದು, ಅಪ್ಪಯ್ಯ ಕೊನೆ ಕೊಯ್ಲಿನ ದಿನ ತೋಟದಲ್ಲಿ ನಿಂತದ್ದು. ಅಪ್ಪಯ್ಯ ಕ್ಯಾಮೆರಾ ಕಂಡರೆ ಪೊಲೀಸರನ್ನು ಕಂಡ ಹಾಗೆ ಬಿಗಿದುಕೊಳ್ಳುವ ಮನುಷ್ಯ. ಆವತ್ತು ಕೊನೆಗಾರ ಮೇಲಿಂದ ಏನೋ ಚೇಷ್ಟೆ ಮಾತಾಡಿದ, ಇವರು ತಲೆ ಎತ್ತಿ ನಕ್ಕರು, ನಾನು ಒತ್ತಿದೆ. ಅವರು ನಕ್ಕದ್ದು ಸಿಕ್ಕ ಫೋಟೊ ನನ್ನ ಹತ್ತಿರ ಅದೊಂದೇ.

ಮಸ್ಕತ್ತಿನಲ್ಲಿದ್ದ ತಂಗಿ ಮನೆಯ ಫೋಟೊ ಕಳಿಸು ಅಂತ ವಾರಕ್ಕೆರಡು ಸಲ ಫೋನ್ ಮಾಡುತ್ತಿದ್ದಳು. ನಮ್ಮ ಇಂಟರ್ನೆಟ್ಟು ಆಗ ಹೇಗಿತ್ತೆಂದರೆ, ಒಂದು ಫೋಟೊ ಈಮೇಲಿಗೆ ಏರುವಷ್ಟರಲ್ಲಿ ಹೋಗಿ ಕಾಫಿ ಕುಡಿದು ಬರಬಹುದಿತ್ತು, ಬರುವಷ್ಟರಲ್ಲಿ ಕರೆಂಟು ಹೋಗಿರುತ್ತಿತ್ತು. ಹಾರ್ಡ್‌ಡಿಸ್ಕೂ ತುಂಬಿ ಕೂತಿತ್ತು. ಒಂದು ಮಧ್ಯಾಹ್ನ ಬ್ಯಾಚ್ ಮಾಡುವ, ಅಂದರೆ ಎಲ್ಲ ಫೋಟೊವನ್ನೂ ಒಟ್ಟಿಗೆ ಸಣ್ಣ ಮಾಡುವ ಸಾಫ್ಟ್‌ವೇರಿನಲ್ಲಿ 'ಮನೆ' ಅನ್ನುವ ಫೋಲ್ಡರನ್ನು ಪೂರ್ತಿ ಆರಿಸಿದೆ. ಉದ್ದ 800 ಪಿಕ್ಸೆಲ್, ಕ್ವಾಲಿಟಿ 60. ಎಲ್ಲಿ ಉಳಿಸಬೇಕು ಅಂತ ಕೇಳಿತು, ಅದೇ ಫೋಲ್ಡರ್ ಅಂದೆ. ಅದೇ ಹೆಸರಿನವು ಇವೆ, ಅವುಗಳ ಮೇಲೆಯೇ ಬರೆಯಲೇ ಅಂತ ಕೇಳಿತು, ಎಲ್ಲಕ್ಕೂ ಹೂಂ ಅಂದೆ. 312 ಫೋಟೊ, ನಾಲ್ಕೇ ನಿಮಿಷ. 1.4 ಜಿಬಿ ಇದ್ದದ್ದು 30 ಎಂಬಿ ಆಯಿತು. ಎಂಥ ಕೆಲಸ ಮಾಡಿದೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡು, ತಂಗಿಗೆ ಕಳಿಸಿದೆ. ಅವಳು ಅತ್ತಳಂತೆ ನೋಡಿ.

2017ರ ಆಷಾಢದಲ್ಲಿ ಅಪ್ಪಯ್ಯ ಹೋದರು. ಐದನೇ ದಿನ ರಾತ್ರಿ ಫ್ರೇಮಿನ ಕೆಲಸಕ್ಕೆ ಅಂತ ಅಂಗಡಿಗೆ ಬಂದು ಆ ಫೋಟೊ ತೆರೆದೆ. ಮುಖ, ಎದೆ ಬರುವ ಹಾಗೆ ಕ್ರಾಪ್ ಮಾಡಿದರೆ ಅಡ್ಡ 150 ಚುಕ್ಕಿ. ನಂಬದೆ ಮತ್ತೆ ಮಾಡಿದೆ. 150. ಮೂಲದಲ್ಲಿ ಅದೇ ಭಾಗ 800 ಚುಕ್ಕಿ ಇದ್ದಿರಬೇಕು. ಹನ್ನೆರಡು ಇಂಚಿನ ಫ್ರೇಮಿಗೆ 800 ಚುಕ್ಕಿ ಅಂದರೆ ಇಂಚಿಗೆ 67. ಗೋಡೆಯ ಮೇಲೆ, ಮಾಲೆ ಹಾಕಿ, ನಾಲ್ಕು ಅಡಿ ದೂರದಿಂದ ನೋಡುವವರಿಗೆ ಧಾರಾಳ ಸಾಕಿತ್ತು. 150 ಅಂದರೆ ಇಂಚಿಗೆ ಹನ್ನೆರಡೂವರೆ.

ಗೊತ್ತಿದ್ದ ವಿದ್ಯೆಯೆಲ್ಲ ಹಾಕಿದೆ. ದೊಡ್ಡದು ಮಾಡಿ ನಯಗೊಳಿಸಿದರೆ ಮೇಣದ ಗೊಂಬೆ. ಶಾರ್ಪ್ ಮಾಡಿದರೆ ಟೈಲ್ಸು. ಮೂರು ವರ್ಷದ ಹಿಂದೆ, ಈ ಎಐ ಸಾಫ್ಟ್‌ವೇರುಗಳು ಬಂದ ಮೇಲೆ, ಮತ್ತೊಮ್ಮೆ ಪ್ರಯತ್ನಿಸಿದೆ. ಅದು ಚೆಂದದ ಮುಖವನ್ನೇ ಮಾಡಿಕೊಟ್ಟಿತು. ಹಲ್ಲು ಸಾಲಾಗಿ ಕೂತಿತ್ತು, ಎಡಹುಬ್ಬಿನ ಮೇಲೆ ಕತ್ತಿ ತಾಗಿದ್ದ ಕಲೆ ಮಾಯವಾಗಿತ್ತು. ಅಮ್ಮನಿಗೆ ತೋರಿಸಿದರೆ ಕನ್ನಡಕ ಏರಿಸಿಕೊಂಡು ಸುಮಾರು ಹೊತ್ತು ನೋಡಿ, "ಯಾರಾ ಇದು, ನಿಮ್ಮ ದೊಡ್ಡಪ್ಪನ ಮಗನಾ?" ಅಂದಳು. ಡಿಲೀಟ್ ಮಾಡಿದೆ. ಇಲ್ಲದ್ದನ್ನು ಸಾಫ್ಟ್‌ವೇರು ಎಲ್ಲಿಂದ ತರುತ್ತದೆ, ಬೇರೆ ಯಾರದೋ ಮುಖಗಳಿಂದ ತರುತ್ತದೆ.

ಕಡೆಗೆ ಪೋಸ್ಟ್‌ಕಾರ್ಡ್ ಸೈಜಿನಲ್ಲೇ ಪ್ರಿಂಟ್ ಹಾಕಿ, ಸುತ್ತ ಅಗಲವಾಗಿ ಬಿಳಿ ಮೌಂಟ್ ಬಿಟ್ಟು ಫ್ರೇಮ್ ಮಾಡಿದೆ. ಸುತ್ತಮುತ್ತಲ ಹಳ್ಳಿಗಳ ಜಗಲಿಗಳಲ್ಲಿ ನಾನು ದೊಡ್ಡದು ಮಾಡಿಕೊಟ್ಟ ಅಪ್ಪಂದಿರು ಹನ್ನೆರಡು ಹದಿನೈದರಲ್ಲಿ ಕೂತಿದ್ದಾರೆ. ನಮ್ಮನೆ ಜಗಲಿಯಲ್ಲಿ ನಮ್ಮಪ್ಪಯ್ಯ ಪೋಸ್ಟ್‌ಕಾರ್ಡ್. ಬಂದವರು ಹತ್ತಿರ ಹೋಗಿ ನೋಡುತ್ತಾರೆ.

ಆಮೇಲೆ ಅಂಗಡಿಯಲ್ಲಿ ಒಂದು ಕ್ರಮ ಮಾಡಿಕೊಂಡೆ. ಕಾರ್ಡಿನಿಂದ ಇಳಿಸಿದ್ದೆಲ್ಲ 'ನೆಗೆಟಿವ್' ಅನ್ನುವ ಫೋಲ್ಡರಿಗೆ, ಅದಕ್ಕೆ ರೀಡ್ ಓನ್ಲಿ ಬೀಗ. ಸಣ್ಣ ಮಾಡಿದ್ದೆಲ್ಲ 'ಪ್ರಿಂಟ್' ಅನ್ನುವ ಇನ್ನೊಂದಕ್ಕೆ. ಅಂಗಡಿ ಹುಡುಗ ನೆಗೆಟಿವ್ ಫೋಲ್ಡರಿನಲ್ಲಿ ಏನಾದರೂ ಸೇವ್ ಮಾಡಿದರೆ ಆವತ್ತಿನ ಟೀ ಅವನದು. ಪ್ರತಿ ಶನಿವಾರ ಎರಡನೇ ಹಾರ್ಡ್‌ಡಿಸ್ಕಿಗೆ ಕಾಪಿ. ಅದು ಮನೆಯ ಬೀರುವಿನಲ್ಲಿ ಸೀರೆಗಳ ನಡುವೆ ಇರುತ್ತದೆ. ನಮ್ಮ ಮಳೆಗಾಲಕ್ಕೆ ಲೆನ್ಸಿಗೇ ಬೂಷ್ಟು ಹಿಡಿಯುವಾಗ ಡಿಸ್ಕನ್ನು ಸಿಲಿಕಾ ಪೊಟ್ಟಣ ಹಾಕಿದ ಡಬ್ಬಿಯಲ್ಲಿ ಇಡುವುದು ವಾಸಿ. ಇನ್ನೊಂದು, ಜೆಪಿಜಿಯನ್ನು ತೆರೆದು ಏನೋ ಒಂಚೂರು ತಿದ್ದಿ ಮತ್ತೆ ಸೇವ್ ಮಾಡಿದರೆ ಮತ್ತೊಮ್ಮೆ ಜರಡಿ ಹಿಡಿದಂತೆ. ಬರೀ ತೆರೆದು ನೋಡಿ ಮುಚ್ಚಿದರೆ ಏನೂ ಆಗುವುದಿಲ್ಲ. ಅದಕ್ಕೇ ಎರಡನೇ ಸಲ ತಿದ್ದಬೇಕಾದರೆ ಮೂಲದಿಂದಲೇ ಶುರು ಮಾಡುತ್ತೇನೆ, ಸಣ್ಣ ಮಾಡಿದ್ದರ ಮೇಲೆ ಅಲ್ಲ.

ಸಾಧನ ಏನು ಬಳಸುತ್ತೀರಿ ಅಂತ ಕೇಳುವವರಿಗೆ: ಒಂದೆರಡು ಫೋಟೊ ಆದರೆ ಗಿಂಪ್ ಅನ್ನುವ ಫೋಟೊ ತಿದ್ದುವ ಸಾಫ್ಟ್‌ವೇರು. ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ಟಿಕ್ ಹಾಕಿದರೆ, ಕ್ವಾಲಿಟಿ ಎಳೆದ ಹಾಗೆ ಫೈಲು ಎಷ್ಟು ಕೆಬಿ ಆಗುತ್ತದೆ ಅಂತ ಅಲ್ಲೇ ತೋರಿಸುತ್ತದೆ, ಊಹೆ ಮಾಡುವ ಕೆಲಸ ಇಲ್ಲ. ಶಾಲೆಯವರು ಇನ್ನೂರು ಮಕ್ಕಳ ಫೋಟೊ ತಂದರೆ ಜೆಪೆಗ್‌ಆಪ್ಟಿಮ್ ಅಂತ ಒಂದು ಪುಕ್ಕಟೆ ಸಾಧನ ಇದೆ. ಇಂತಿಷ್ಟು ಕೆಬಿ ಅಂತ ಹೇಳಿದರೆ ಆ ಸುಮಾರಿಗೆ ತಾನೇ ತಂದು ನಿಲ್ಲಿಸುತ್ತದೆ. ಕಪ್ಪು ಪರದೆಯಲ್ಲಿ ಕಮಾಂಡ್ ಬರೆಯಬೇಕು, ನನ್ನ ಮಗ ಒಂದು ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಟ್ಟಿದ್ದಾನೆ. ಏನೂ ಹಾಕಿಕೊಳ್ಳದೆ ಬ್ರೌಸರಿನಲ್ಲೇ ಮಾಡಬೇಕು ಅನ್ನುವವರಿಗೆ ಸ್ಕ್ವೂಶ್ ಚೆನ್ನಾಗಿದೆ. ಅದು ಫೋಟೊವನ್ನು ಎಲ್ಲಿಗೂ ಕಳಿಸದೆ ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮುಗಿಸುತ್ತದೆ. ಇದು ಮುಖ್ಯ. ಗೂಗಲಿನಲ್ಲಿ ಹುಡುಕಿ ಮೊದಲು ಸಿಕ್ಕ ವೆಬ್‌ಸೈಟಿಗೆ ಆಧಾರ್ ಕಾರ್ಡು, ಮಾರ್ಕ್ಸ್ ಕಾರ್ಡು, ಸಹಿ ಎಲ್ಲ ಏರಿಸುವವರನ್ನು ಕಂಡರೆ ನನಗೆ ಹೊಟ್ಟೆ ತೊಳಸುತ್ತದೆ. ಅಪರಿಚಿತನ ಕೈಗೆ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಟ್ಟು, ಸ್ವಲ್ಪ ಮಡಿಸಿಕೊಡಿ ಅಂದ ಹಾಗೆ.

ಫೋಟೊದ ಜೊತೆ ಇನ್ನೊಂದಿಷ್ಟು ಬರಹವೂ ಅಡಗಿರುತ್ತದೆ. ಯಾವ ದಿನ, ಎಷ್ಟು ಗಂಟೆಗೆ, ಯಾವ ಕ್ಯಾಮೆರಾದಲ್ಲಿ ತೆಗೆದದ್ದು, ಲೊಕೇಶನ್ ಆನ್ ಇದ್ದರೆ ಯಾವ ಜಾಗದಲ್ಲಿ ಅಂತ ಅಕ್ಷಾಂಶ ರೇಖಾಂಶ ಸಮೇತ. ಎಕ್ಸಿಫ್ ಅನ್ನುತ್ತಾರೆ. ದೊಡ್ಡ ಫೈಲಿನಲ್ಲಿ ಇದು ಲೆಕ್ಕಕ್ಕಿಲ್ಲ, 50 ಕೆಬಿಯ ಅರ್ಜಿ ಫೋಟೊದಲ್ಲಿ ಇದರ ಜಾಗವೇ ದಂಡ. ಅರ್ಜಿಗೆ, ಜಾಹೀರಾತಿಗೆ ಹಾಕುವ ಫೋಟೊದಿಂದ ಇದನ್ನು ತೆಗೆದುಬಿಡುತ್ತೇನೆ. ಮನೆಯ ಮೂಲ ಫೋಟೊದಿಂದ ಮಾತ್ರ ಖಂಡಿತ ತೆಗೆಯುವುದಿಲ್ಲ. ಹಿಂದೆ ಪ್ರಿಂಟಿನ ಬೆನ್ನ ಮೇಲೆ ಪೆನ್ನಿನಲ್ಲಿ ತಾರೀಕು ಬರೆಯುತ್ತಿದ್ದೆವಲ್ಲ, ಅದು ಇದು.

ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊ ಸಣ್ಣದಾಗಿಯೇ ತಲುಪುತ್ತದೆ, ಎಕ್ಸಿಫೂ ಹೋಗಿರುತ್ತದೆ. ಪ್ರಿಂಟಿಗೆ ಅಂತ ಕಳಿಸುವವರು ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಅಂಗಡಿಯ ಗಾಜಿಗೆ ದಪ್ಪಕ್ಷರದಲ್ಲಿ ಅಂಟಿಸಿದ್ದೇನೆ. ಯಾರೂ ಓದುವುದಿಲ್ಲ. ಗ್ಯಾಲರಿಯಲ್ಲಿ ಫೋಟೊ ತೆರೆದು ಅದರ ಸ್ಕ್ರೀನ್‌ಶಾಟ್ ಹೊಡೆದು, ಮೇಲೆ ಬ್ಯಾಟರಿ, ಟವರ್ ಎಲ್ಲ ಕಾಣುವ ಹಾಗೆ ಕಳಿಸುತ್ತಾರೆ. ಇನ್ನು ಫೋನ್ ತುಂಬಿತು ಅಂತ ಅಳುತ್ತಾ ಬರುವವರಿಗೆ ನಾನು ಫೋಟೊ ಸಣ್ಣ ಮಾಡಿ ಅನ್ನುವುದೇ ಇಲ್ಲ. ಮೊದಲು ವಿಡಿಯೊ ನೋಡಿ ಅನ್ನುತ್ತೇನೆ. ಒಂದು ನಿಮಿಷದ ವಿಡಿಯೊ ಸುಲಭವಾಗಿ ನೂರು ಎಂಬಿ, ಅಂದರೆ ಇಪ್ಪತ್ತು ಇಪ್ಪತ್ತೈದು ಫೋಟೊ. ಸಂತೆಯಲ್ಲಿ ಜೇಬಿನೊಳಗೆ ಆನ್ ಆಗಿ ಹನ್ನೊಂದು ನಿಮಿಷ ಬರೀ ಕತ್ತಲು ರೆಕಾರ್ಡ್ ಆದ ವಿಡಿಯೊವನ್ನು ಎರಡು ವರ್ಷ ಸಾಕಿಕೊಂಡಿದ್ದವರೊಬ್ಬರಿದ್ದರು. ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಪುಕ್ಕಟೆ ಲೆಕ್ಕವನ್ನು ಜಿಮೇಲು, ಡ್ರೈವು ಎಲ್ಲ ಸೇರಿ 15 ಜಿಬಿಗೆ ನಿಲ್ಲಿಸಿದ ಮೇಲೆ ಈ ಗಿರಾಕಿಗಳು ಜಾಸ್ತಿಯಾಗಿದ್ದಾರೆ. ಶುಭೋದಯದ ಗುಲಾಬಿ ಹೂವುಗಳನ್ನು ಅಳಿಸುವುದಕ್ಕೆ ನಾನು ಹತ್ತು ರೂಪಾಯಿಯನ್ನೂ ತಗೊಳ್ಳುವುದಿಲ್ಲ, ಸೇವೆ ಅಂತ ಮಾಡುತ್ತೇನೆ.

ನಿನ್ನೆ ಆ ಹುಡುಗಿ ಮತ್ತೆ ಬಂದಿದ್ದಳು. ಇನ್ನೊಂದು ಪರೀಕ್ಷೆಯಂತೆ. ಅದಕ್ಕೆ ಫೋಟೊ 100 ಕೆಬಿಗಿಂತ ಜಾಸ್ತಿ ಇರಬೇಕಂತೆ.

"ಆವತ್ತಿನ 27 ಕೆಬಿದನ್ನೇ ದೊಡ್ಡದು ಮಾಡಿಕೊಡಿ ಸರ್, ದೊಡ್ಡ ಫೋಟೊ ಮೊಬೈಲಲ್ಲಿ ಜಾಗ ಇಲ್ಲ ಅಂತ ತೆಗೆದುಬಿಟ್ಟೆ."

ನೆಗೆಟಿವ್ ಫೋಲ್ಡರ್ ತೆರೆದು, ಮೊದಲಿನಿಂದ ಕ್ರಾಪ್ ಮಾಡಿ 140 ಕೆಬಿಯದೊಂದು ಮಾಡಿಕೊಟ್ಟೆ. ದೊಡ್ಡದನ್ನೂ ಪೆನ್‌ಡ್ರೈವಿಗೆ ಹಾಕಿಕೊಡಲಾ ಅಂತ ಕೇಳಿದೆ. "ನಿಮ್ಮ ಹತ್ರ ಇರ್ತದಲ್ಲ" ಅಂದಳು. ಇರ್ತದೆ ಅಂದೆ. ಇಪ್ಪತ್ತು ರೂಪಾಯಿ ತಗೊಂಡೆ.